ಬಂದ ಡಾಲರಿನಲ್ಲಿ ದ್ವೀಪಕ್ಕೆ ಉಳಿಯುವುದೆಷ್ಟು?

2024ರ ಏಪ್ರಿಲ್‌ನಲ್ಲಿ ನಮ್ಮ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಒಂದು ಅಧಿಸೂಚನೆ ಹೊರಡಿಸಿತು. ಆ ವರ್ಷ ಭಾರತದಿಂದ ಮಾಲ್ಡೀವ್ಸ್‌ಗೆ ಏನೇನು, ಎಷ್ಟೆಷ್ಟು ಕಳಿಸಬಹುದು ಎಂಬ ಪಟ್ಟಿ ಅದು. ಮೊಟ್ಟೆ 42.75 ಕೋಟಿ. ಅಕ್ಕಿ 1.24 ಲಕ್ಷ ಟನ್. ಗೋಧಿ ಹಿಟ್ಟು 1.09 ಲಕ್ಷ ಟನ್. ಈರುಳ್ಳಿ 35,749 ಟನ್. ಆಮೇಲೆ ಸಕ್ಕರೆ, ಆಲೂಗಡ್ಡೆ, ಬೇಳೆ. ಕೊನೆಯಲ್ಲಿ ಜಲ್ಲಿ 10 ಲಕ್ಷ ಟನ್, ನದಿಯ ಮರಳು 10 ಲಕ್ಷ ಟನ್. 1981ರ ವ್ಯಾಪಾರ ಒಪ್ಪಂದದ ಕಾಲದಿಂದಲೂ ಇಂಥ ಪಟ್ಟಿ ನಡೆದುಬಂದಿದೆ. ನಮ್ಮಲ್ಲೇ ಈರುಳ್ಳಿ, ಅಕ್ಕಿಯ ರಫ್ತು ನಿಲ್ಲಿಸಿದ ಕಾಲದಲ್ಲೂ ಆ ದ್ವೀಪಗಳಿಗೆ ವಿನಾಯಿತಿ ಸಿಕ್ಕಿದೆ.

ಇಷ್ಟನ್ನೂ ತರಿಸಿಕೊಳ್ಳುವ ದೇಶದ ಜನಸಂಖ್ಯೆ, 2022ರ ಜನಗಣತಿಯ ಪ್ರಕಾರ, 5,15,132. ಹತ್ತಿರ ಹತ್ತಿರ ಮಂಗಳೂರು ನಗರದಷ್ಟು. ಅದರಲ್ಲಿ 1,32,493 ಮಂದಿ ದುಡಿಯಲು ಬಂದ ಹೊರದೇಶದವರು. ಒಟ್ಟು ನೆಲ 300 ಚದರ ಕಿಲೋಮೀಟರಿನಷ್ಟು, ಅಂದರೆ ಬೆಂಗಳೂರು ನಗರದ ಅರ್ಧಕ್ಕಿಂತ ಕಡಿಮೆ. ಆ ಮೊಟ್ಟೆಗಳನ್ನು ಅಲ್ಲಿನವರಿಗೇ ಹಂಚಿದರೆ ಹಸುಗೂಸಿನಿಂದ ಮುದುಕರವರೆಗೆ ತಲೆಗೆ ವರ್ಷಕ್ಕೆ 830 ಬರುತ್ತದೆ. ಪಟ್ಟಿಯಲ್ಲಿರುವುದು ಗರಿಷ್ಠ ಮಿತಿ, ಅಷ್ಟೂ ಹೋಗಲೇಬೇಕೆಂದಿಲ್ಲ. ಆದರೂ ಲೆಕ್ಕ ಏನು ಹೇಳುತ್ತಿದೆ ಎನ್ನುವುದು ಸ್ಪಷ್ಟ: ಉಣ್ಣುವವರು ಅಲ್ಲಿನವರಷ್ಟೇ ಅಲ್ಲ. ಅದೇ 2024ರಲ್ಲಿ ಮಾಲ್ಡೀವ್ಸ್‌ಗೆ ಬಂದ ಪ್ರವಾಸಿಗರ ಸಂಖ್ಯೆ 20 ಲಕ್ಷ ದಾಟಿತು. ಊರಿನವರಿಗಿಂತ ಸುಮಾರು ನಾಲ್ಕು ಪಟ್ಟು ಅತಿಥಿಗಳು.

ಅದು ಅಲ್ಲಿಯವರೆಗೆ ಆ ದೇಶದ ಇತಿಹಾಸದಲ್ಲೇ ದಾಖಲೆ. ವಿಚಿತ್ರವೆಂದರೆ, ಅದೇ ವರ್ಷದ ಆಗಸ್ಟ್‌ನಲ್ಲಿ ಅಲ್ಲಿನ ದೊಡ್ಡ ಬ್ಯಾಂಕೊಂದು ಸ್ಥಳೀಯ ಕರೆನ್ಸಿಯ ಕಾರ್ಡುಗಳಿಂದ ವಿದೇಶಿ ಪಾವತಿ ಮಾಡುವುದನ್ನೇ ನಿಲ್ಲಿಸಿತು. ಗಲಾಟೆಯಾದ ಮೇಲೆ ಅದೇ ದಿನ ಆದೇಶ ಹಿಂದಕ್ಕೆ ಹೋಯಿತು. ಆ ತಿಂಗಳೇ ಫಿಚ್ ಸಂಸ್ಥೆ ಮಾಲ್ಡೀವ್ಸ್‌ನ ಸಾಲದ ದರ್ಜೆಯನ್ನು ‘ಸಿಸಿ’ಗೆ ಇಳಿಸಿತು. ಸಾಲ ತೀರಿಸಲಾಗದೆ ಕೈಯೆತ್ತಬಹುದು ಎಂಬ ಎಚ್ಚರಿಕೆ ಅದು. ಅಕ್ಟೋಬರ್‌ನಲ್ಲಿ ಭಾರತ 40 ಕೋಟಿ ಡಾಲರ್ ಮತ್ತು 3,000 ಕೋಟಿ ರೂಪಾಯಿಗಳ ಕರೆನ್ಸಿ ವಿನಿಮಯದ ನೆರವು ಕೊಟ್ಟ ಮೇಲೆ ದೇಶ ಉಸಿರಾಡಿತು.

ದಾಖಲೆಯ ಪ್ರವಾಸಿಗರು ಬಂದ ವರ್ಷವೇ ಡಾಲರಿಗೆ ಬರ ಬಂದದ್ದು ಹೇಗೆ? ಪ್ರವಾಸೋದ್ಯಮದಿಂದ ಸಣ್ಣ ದ್ವೀಪರಾಷ್ಟ್ರಗಳು ಉದ್ಧಾರವಾಗುತ್ತವೆ ಎಂದು ಎದೆತಟ್ಟಿ ಹೇಳುವವರೂ, ಅದರಿಂದಲೇ ಹಾಳಾಗುತ್ತವೆ ಎಂದು ಗೋಳಾಡುವವರೂ ಈ ಪ್ರಶ್ನೆಯನ್ನು ಎದುರಿಸಬೇಕು. ಎಷ್ಟು ಜನ ಬಂದರು ಎಂಬುದು ಅರ್ಧ ಲೆಕ್ಕ. ಅವರು ತಂದದ್ದರಲ್ಲಿ ದ್ವೀಪದಲ್ಲಿ ಎಷ್ಟು ಉಳಿಯಿತು ಎಂಬುದು ಇನ್ನರ್ಧ. ವಿಮಾನ ನಿಲ್ದಾಣದ ಅಂಕಿಅಂಶ ಮೊದಲನೆಯದನ್ನು ಮಾತ್ರ ಹೇಳುತ್ತದೆ.

ಒಣಮೀನಿನಿಂದ ಕುರುಂಬಾವರೆಗೆ

1965ರ ಜುಲೈನಲ್ಲಿ ಬ್ರಿಟಿಷರಿಂದ ಸ್ವತಂತ್ರವಾದಾಗ ಮಾಲ್ಡೀವ್ಸ್ ಬಳಿ ಮಾರಲು ಇದ್ದದ್ದು ಬಹುಮಟ್ಟಿಗೆ ಮೀನು. ಸಾವಿರದ ನೂರಕ್ಕೂ ಹೆಚ್ಚು ದ್ವೀಪಗಳು, ಅವುಗಳಲ್ಲಿ ಜನವಸತಿ ಇರುವುದು ಇನ್ನೂರಕ್ಕೂ ಕಡಿಮೆ. ಹವಳದ ಪುಡಿಯ ಮೇಲೆ ತೆಂಗು ಬೆಳೆಯುತ್ತದೆ, ಭತ್ತ ಬೆಳೆಯುವುದಿಲ್ಲ. ಧೋಣಿ ಎಂಬ ಮರದ ದೋಣಿಯಲ್ಲಿ ಹೋಗಿ, ಬಿದಿರ ಗಳಕ್ಕೆ ಗಾಳ ಕಟ್ಟಿ, ಒಂದೊಂದಾಗಿ ಟ್ಯೂನಾ ಹಿಡಿಯುವುದು. ಅದನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಬಿಸಿಲಲ್ಲಿ ಕಟ್ಟಿಗೆಯಂತೆ ಒಣಗಿಸಿ ‘ಹಿಕಿಮಸ್’ ಮಾಡುವುದು. ಅದನ್ನು ಕೊಳ್ಳುತ್ತಿದ್ದುದು ಮುಖ್ಯವಾಗಿ ಶ್ರೀಲಂಕಾ. ಒಂದು ಸರಕು, ಒಬ್ಬ ಗಿರಾಕಿ. 1970ರ ದಶಕದ ಆರಂಭದಲ್ಲಿ ಶ್ರೀಲಂಕಾ ತನ್ನದೇ ವಿದೇಶಿ ವಿನಿಮಯದ ಬಿಕ್ಕಟ್ಟಿನಿಂದ ಒಣಮೀನಿನ ಆಮದಿಗೆ ಕಡಿವಾಣ ಹಾಕಿದಾಗ ಇಡೀ ದೇಶದ ಬದುಕು ಅಲುಗಾಡಿತು.

ಆಗ ರಾಜಧಾನಿ ಮಾಲೆಯಲ್ಲಿ ಒಂದು ಬ್ಯಾಂಕ್ ಕೂಡ ಇರಲಿಲ್ಲ. ಹುಲುಲೆ ದ್ವೀಪದಲ್ಲಿ 1966ರಲ್ಲಿ ಹಾಸಿದ ಒಂದು ಸಣ್ಣ ರನ್‌ವೇ ಇತ್ತು. ಹೊರಜಗತ್ತಿನ ಜೊತೆ ಮಾತಾಡಬೇಕೆಂದರೆ ಕೊಲಂಬೊ ಮೂಲಕ. 1960ರ ದಶಕದಲ್ಲಿ ಬಂದ ವಿಶ್ವಸಂಸ್ಥೆಯ ತಜ್ಞರು ಈ ದ್ವೀಪಗಳು ಪ್ರವಾಸೋದ್ಯಮಕ್ಕೆ ತಕ್ಕವಲ್ಲ ಎಂದು ಹೇಳಿ ಹೋಗಿದ್ದರು ಎಂಬುದನ್ನು ಆ ಉದ್ಯಮದ ಹಿರಿಯರು ಇಂದಿಗೂ ನೆನೆಯುತ್ತಾರೆ. ಕುಡಿಯುವ ನೀರಿಲ್ಲ, ವಿದ್ಯುತ್ತಿಲ್ಲ, ತರಕಾರಿ ಇಲ್ಲ, ಬರುವ ದಾರಿಯೂ ಇಲ್ಲ. ಆ ತಜ್ಞರ ಮಾತಿನಲ್ಲಿ ಅಂದಿನ ಮಟ್ಟಿಗೆ ತಪ್ಪೇನೂ ಇರಲಿಲ್ಲ.

ಕೊಲಂಬೊದಲ್ಲಿದ್ದ ಮಾಲ್ಡೀವ್ಸ್ ರಾಯಭಾರ ಕಚೇರಿಯ ಅಹಮದ್ ನಸೀಮ್ ಎಂಬ ಯುವಕನಿಗೆ 1971ರಲ್ಲಿ ಜಾರ್ಜ್ ಕಾರ್ಬಿನ್ ಎಂಬ ಇಟಲಿಯ ಪ್ರವಾಸ ವ್ಯವಸ್ಥಾಪಕ ಸಿಕ್ಕಿದ. ಜನ ಕಾಲಿಡದ ಕಡಲತೀರಗಳನ್ನು ಆತ ಹುಡುಕುತ್ತಿದ್ದ. ಮುಂದಿನ ವರ್ಷ ಫೆಬ್ರವರಿಯಲ್ಲಿ ಇಟಲಿಯವರ ಒಂದು ಸಣ್ಣ ತಂಡ ಬಂದಿಳಿಯಿತು. ಹೋಟೆಲ್ ಇಲ್ಲದ್ದರಿಂದ ಮಾಲೆಯ ಮನೆಗಳಲ್ಲೇ ಉಳಿಯಿತು. ನಸೀಮ್, ಮೊಹಮದ್ ಉಮರ್ ಮಾಣಿಕು, ಹುಸೇನ್ ಅಫೀಫ್ ಮುಂತಾದ ಗೆಳೆಯರು ಸೇರಿ ಪಕ್ಕದ ವಿಹಮನಾಫುಶಿ ಎಂಬ ನಿರ್ಜನ ದ್ವೀಪದಲ್ಲಿ ಹವಳದ ಕಲ್ಲು, ತೆಂಗಿನ ಗರಿಯಿಂದ 30 ಕೊಠಡಿ ಕಟ್ಟಿದರು. 1972ರ ಅಕ್ಟೋಬರ್ 3ರಂದು ಅದು ‘ಕುರುಂಬಾ’ ಎಂಬ ಹೆಸರಿನಲ್ಲಿ ಬಾಗಿಲು ತೆರೆಯಿತು. ಆ ವರ್ಷವಿಡೀ ಬಂದ ಪ್ರವಾಸಿಗರು ಸುಮಾರು ಒಂದು ಸಾವಿರ.

ಈ ಕತೆಯಲ್ಲಿ ಭಾರತದ ಪಾಲೂ ಇದೆ. 1974ರ ಫೆಬ್ರವರಿಯಲ್ಲಿ ಮಾಲೆಯಲ್ಲಿ ಬಾಗಿಲು ತೆರೆದ ಮೊದಲ ಬ್ಯಾಂಕ್ ನಮ್ಮ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ. ಆರಂಭದ ರೆಸಾರ್ಟುಗಳಿಗೆ ಸಾಲ ಕೊಟ್ಟದ್ದು ಅದೇ. ದಕ್ಷಿಣದ ಅದ್ದು ಹವಳವಲಯದಲ್ಲಿ ಬ್ರಿಟಿಷ್ ವಾಯುಪಡೆ 1976ರಲ್ಲಿ ಗಾನ್ ನೆಲೆಯನ್ನು ಬಿಟ್ಟು ಹೊರಟಾಗ ನೂರಾರು ಮಂದಿ ಕೆಲಸ ಕಳೆದುಕೊಂಡರು. ಅವರಿಗೆ ಇಂಗ್ಲಿಷ್ ಬರುತ್ತಿತ್ತು, ಅಡುಗೆಮನೆ ಮತ್ತು ಊಟದ ಮೇಜಿನ ಶಿಸ್ತು ಗೊತ್ತಿತ್ತು. ಹೊಸ ರೆಸಾರ್ಟುಗಳಿಗೆ ಬೇಕಾಗಿದ್ದ ಆಳುಗಳು ಸಿದ್ಧವಾಗಿಯೇ ಸಿಕ್ಕರು. 1981ರಲ್ಲಿ ಹುಲುಲೆ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಾಗಿ, ಯುರೋಪಿನಿಂದ ನೇರ ವಿಮಾನಗಳು ಇಳಿಯತೊಡಗಿದವು. 1990ರ ದಶಕದಲ್ಲಿ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನಗಳು ಬಂದವು, ದೂರದ ಹವಳವಲಯಗಳೂ ಹತ್ತಿರವಾದವು. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಸೀಪ್ಲೇನ್‌ಗಳನ್ನು ಓಡಿಸುವ ಕಂಪನಿ ಇರುವುದು ಇಲ್ಲೇ.

ಫಲ ಏನಾಯಿತು ಎನ್ನುವುದನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ಹೇಳಬಹುದು. 1970ರ ದಶಕದಲ್ಲಿ ಅಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯುಸ್ಸು 50 ವರ್ಷ ಮುಟ್ಟುತ್ತಿರಲಿಲ್ಲ. ಇಂದು ಅದು 80ರ ಆಸುಪಾಸಿನಲ್ಲಿದೆ, ನಮ್ಮದಕ್ಕಿಂತ ಬಹಳ ಹೆಚ್ಚು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾಲ್ಡೀವ್ಸ್ ಮಲೇರಿಯಾಮುಕ್ತ ಎಂದು ಪ್ರಮಾಣೀಕರಿಸಿತು. ವಿಶ್ವಸಂಸ್ಥೆಯ ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ 2011ರ ಜನವರಿ 1ರಂದು ಅದು ಹೊರಬಂದಿತು. ಆ ಪಟ್ಟಿ ಸೇರಿದ ದೇಶಗಳು ಹೊರಬರುವುದು ಅಪರೂಪ. ಅದಕ್ಕಿಂತ ಮೊದಲು ಆ ಭಾಗ್ಯ ಪಡೆದದ್ದು ಬೋಟ್ಸ್‌ವಾನಾ ಮತ್ತು ಕೇಪ್ ವರ್ಡಿ, ಎರಡೇ. ಒಣಮೀನು ಮಾರುತ್ತ ಕೂತಿದ್ದರೆ ಇದು ಸಾಧ್ಯವಿರಲಿಲ್ಲ. ಪ್ರವಾಸೋದ್ಯಮವನ್ನು ಸಾರಾಸಗಟಾಗಿ ಹಳಿಯುವವರು ಮೊದಲು ಇದನ್ನು ಒಪ್ಪಬೇಕು.

ಡಾಲರಿನ ದಾರಿ

ಬೆಂಗಳೂರಿನ ಒಂದು ಜೋಡಿ ಮದುವೆಯಾದ ಹೊಸತರಲ್ಲಿ ಮಾಲ್ಡೀವ್ಸ್‌ಗೆ ಹೊರಟಿದೆ ಎಂದುಕೊಳ್ಳಿ. ಇಲ್ಲಿಂದಲೇ ಪ್ಯಾಕೇಜ್ ಕೊಂಡಿದ್ದಾರೆ. ಆ ಹಣದಲ್ಲಿ ಒಂದು ಪಾಲು ವಿಮಾನ ಕಂಪನಿಗೆ, ಇನ್ನೊಂದು ಬುಕಿಂಗ್ ಮಾಡಿಕೊಟ್ಟ ಸಂಸ್ಥೆಗೆ ಹೋಯಿತು. ಇವೆರಡೂ ಮಾಲ್ಡೀವ್ಸ್ ಮುಟ್ಟಲೇ ಇಲ್ಲ. ಉಳಿದದ್ದು ರೆಸಾರ್ಟಿನ ಖಾತೆಗೆ. ಆ ಖಾತೆ ಬಹಳ ಸಲ ಸಿಂಗಪುರದಲ್ಲೋ ದುಬೈಯಲ್ಲೋ ಇರುತ್ತದೆ. ಅಲ್ಲಿಂದ ಆಡಳಿತ ನಡೆಸುವ ಅಂತರರಾಷ್ಟ್ರೀಯ ಹೋಟೆಲ್ ಸಂಸ್ಥೆಯ ಶುಲ್ಕ, ಕಟ್ಟಲು ಮಾಡಿದ ಸಾಲದ ಬಡ್ಡಿ, ಜನರೇಟರಿಗೆ ಡೀಸೆಲ್, ಆಸ್ಟ್ರೇಲಿಯಾದ ಮಾಂಸ, ಯುರೋಪಿನ ಚೀಸ್, ತಮಿಳುನಾಡಿನ ಮೊಟ್ಟೆ ಹೋಗಬೇಕು. ಬಾಂಗ್ಲಾದೇಶ, ಭಾರತ, ಶ್ರೀಲಂಕಾ, ನೇಪಾಳದ ಕೆಲಸಗಾರರು ಮನೆಗೆ ಕಳಿಸುವ ಸಂಬಳವೂ ಹೊರಕ್ಕೇ. ಇವೆಲ್ಲ ಕಳೆದು ದ್ವೀಪದಲ್ಲಿ ನಿಲ್ಲುವುದು ಸರ್ಕಾರದ ತೆರಿಗೆ, ನೆಲಬಾಡಿಗೆ, ಸ್ಥಳೀಯ ಕೆಲಸಗಾರರ ಸಂಬಳ ಮತ್ತು ಸೇವಾಶುಲ್ಕದ ಪಾಲು, ಸ್ಥಳೀಯ ಮೀನುಗಾರನಿಂದ ಕೊಂಡ ಟ್ಯೂನಾ. ಹೀಗೆ ಹೊರಗೆ ಹರಿದುಹೋಗುವುದನ್ನು ಅರ್ಥಶಾಸ್ತ್ರಜ್ಞರು ‘ಸೋರಿಕೆ’ ಎನ್ನುತ್ತಾರೆ. ಸಣ್ಣ ದ್ವೀಪಗಳಲ್ಲಿ ಅದು ಎಲ್ಲಕ್ಕಿಂತ ಹೆಚ್ಚು, ಯಾಕೆಂದರೆ ಅತಿಥಿಗೆ ಬೇಕಾದ ಬಹುಪಾಲನ್ನು ಅಲ್ಲಿ ಬೆಳೆಯಲಾಗುವುದಿಲ್ಲ, ತಯಾರಿಸಲಾಗುವುದಿಲ್ಲ.

ಹೀಗೆ ಡಾಲರ್ ಹೊರಗೇ ಉಳಿಯುವುದರ ಬಿಸಿ ಜನರಿಗೆ ತಟ್ಟುತ್ತದೆ. ಅಲ್ಲಿನ ಕರೆನ್ಸಿಯಾದ ರುಫಿಯಾದ ಅಧಿಕೃತ ದರ ಡಾಲರಿಗೆ 15.42ಕ್ಕೆ ಕಟ್ಟಿಹಾಕಿದಂತಿದೆ. ಬ್ಯಾಂಕಿನಲ್ಲಿ ಆ ದರಕ್ಕೆ ಡಾಲರ್ ಸಿಗುವುದು ಕಷ್ಟ, ಬೀದಿಯಲ್ಲಿ ಅದಕ್ಕಿಂತ ಹೆಚ್ಚು ತೆರಬೇಕು. ಚಿಕಿತ್ಸೆಗೆಂದು ಬೆಂಗಳೂರಿಗೋ ತಿರುವನಂತಪುರಕ್ಕೋ ಹೊರಡುವ, ಮಕ್ಕಳನ್ನು ಓದಲು ಹೊರಗೆ ಕಳಿಸಿದ ಸಾಮಾನ್ಯ ಕುಟುಂಬ ಈ ವ್ಯತ್ಯಾಸವನ್ನು ತನ್ನ ಜೇಬಿನಿಂದ ಕಟ್ಟುತ್ತದೆ. ಒಂದು ರಾತ್ರಿಗೆ ಸಾವಿರ ಡಾಲರ್ ಬಾಡಿಗೆ ಬರುವ ದ್ವೀಪ ಕಣ್ಣಳತೆಯಲ್ಲೇ ಇರುವಾಗ ಐನೂರು ಡಾಲರಿಗೆ ದಿನಗಟ್ಟಲೆ ಅಲೆಯಬೇಕಾದ ಜನರ ಸಂಕಟ ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಕಾಡುವ ಸಂಗತಿ.

2024ರ ಕೊನೆಯಲ್ಲಿ ಮಾಲ್ಡೀವ್ಸ್ ಕಾನೂನು ತಂದಿತು: ದೊಡ್ಡ ರೆಸಾರ್ಟುಗಳು ಬಂದ ಪ್ರತಿ ಪ್ರವಾಸಿಯ ಲೆಕ್ಕದಲ್ಲಿ 500 ಡಾಲರ್, ಇಲ್ಲವೇ ಒಟ್ಟು ಆದಾಯದ ಶೇ 20ರಷ್ಟನ್ನು ಸ್ಥಳೀಯ ಬ್ಯಾಂಕುಗಳಲ್ಲಿ ರುಫಿಯಾಗೆ ಬದಲಿಸಬೇಕು. ಸಣ್ಣ ಅತಿಥಿಗೃಹಗಳಿಗೆ ಇದು ತಲೆಗೆ 25 ಡಾಲರ್. ಉದ್ಯಮದವರು ಗೊಣಗಿದರು. ಆದರೆ ಈ ನಿಯಮ ಐವತ್ತು ವರ್ಷ ತಡವಾಗಿ ಬಂತು ಎಂದೇ ನಾನು ಹೇಳುವೆ. ತೆರಿಗೆಯ ಕತೆಯೂ ಹೀಗೆಯೇ. ಪ್ರವಾಸೋದ್ಯಮದ ಸರಕು ಮತ್ತು ಸೇವಾ ತೆರಿಗೆ 2011ರಲ್ಲಿ ಬಂದಾಗ ಶೇ 3.5. ಅದು ಏರುತ್ತ ಏರುತ್ತ 2023ರಲ್ಲಿ ಶೇ 16, 2025ರ ಜುಲೈನಿಂದ ಶೇ 17 ಆಗಿದೆ. ರೆಸಾರ್ಟಿನಲ್ಲಿ ಉಳಿಯುವವರಿಗೆ ದಿನಕ್ಕೆ 6 ಡಾಲರ್ ಇದ್ದ ಹಸಿರು ತೆರಿಗೆ 2025ರಿಂದ 12 ಡಾಲರ್ ಆಯಿತು. ಇಷ್ಟಾದರೂ ಪ್ರವಾಸಿಗರು ಕಡಿಮೆಯಾಗಲಿಲ್ಲ. ಆರಂಭದ ದಶಕಗಳಲ್ಲಿ ತಲೆಗೆ ಕೆಲವೇ ಡಾಲರಿನ ಹಾಸಿಗೆ ತೆರಿಗೆಯಲ್ಲಿ ತೃಪ್ತಿಪಟ್ಟ ಸರ್ಕಾರ ಎಷ್ಟು ಬಿಟ್ಟುಕೊಟ್ಟಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ನೆಲಬಾಡಿಗೆಯದು ಬೇರೆಯೇ ನೋವು. ಮಾಲ್ಡೀವ್ಸ್‌ನಲ್ಲಿ ದ್ವೀಪಗಳು ಸರ್ಕಾರದ್ದು, ರೆಸಾರ್ಟಿನವರು ದಶಕಗಳ ಗುತ್ತಿಗೆಗೆ ಪಡೆಯುತ್ತಾರೆ. 2016ರಲ್ಲಿ ಅಲ್ಲಿನ ಮಹಾಲೇಖಪಾಲರ ವರದಿ, ಐವತ್ತಕ್ಕೂ ಹೆಚ್ಚು ದ್ವೀಪ ಮತ್ತು ಹವಳಕೊಳಗಳ ಗುತ್ತಿಗೆ ಹಣದಲ್ಲಿ ಸುಮಾರು 7.9 ಕೋಟಿ ಡಾಲರ್ ಸರ್ಕಾರಿ ಸಂಸ್ಥೆಯೊಂದರ ಮೂಲಕ ಸೋರಿಹೋಗಿದೆ ಎಂದು ಬಯಲಿಗೆಳೆಯಿತು. ಆ ಪ್ರಕರಣದಲ್ಲಿ ಮಾಜಿ ಉಪಾಧ್ಯಕ್ಷರೊಬ್ಬರು ತಪ್ಪೊಪ್ಪಿಕೊಂಡು ಶಿಕ್ಷೆಗೊಳಗಾದರು. ಪರದೇಶಕ್ಕೆ ಹೋಗುವ ಸೋರಿಕೆಯ ಬಗ್ಗೆ ಮಾತಾಡುವವರು ಒಳಗಿನ ಈ ಕನ್ನವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಒಂದು ದ್ವೀಪ, ಒಂದು ರೆಸಾರ್ಟ್

ಮಾಲ್ಡೀವ್ಸ್ ಮಾದರಿಯ ತಿರುಳು ಈ ನಾಲ್ಕು ಪದಗಳಲ್ಲಿದೆ. 2009ರವರೆಗೆ ಜನ ಇರುವ ದ್ವೀಪದಲ್ಲಿ ಪ್ರವಾಸಿಗರು ಉಳಿಯುವಂತಿರಲಿಲ್ಲ, ರೆಸಾರ್ಟ್ ದ್ವೀಪದಲ್ಲಿ ಊರು ಇರುವಂತಿಲ್ಲ. ಪ್ರತಿ ರೆಸಾರ್ಟೂ ತನ್ನ ವಿದ್ಯುತ್ತು, ಸಮುದ್ರದ ನೀರು ಶುದ್ಧಿಯ ಘಟಕ, ಕೊಳಚೆ ವ್ಯವಸ್ಥೆ ತಾನೇ ಮಾಡಿಕೊಳ್ಳಬೇಕು. ಕಟ್ಟಡಗಳು ತೆಂಗಿನ ಮರಕ್ಕಿಂತ ಎತ್ತರ ಇರಕೂಡದು, ಕಟ್ಟುವ ಜಾಗಕ್ಕೂ ಮಿತಿ. ಶೇಕಡಾ ನೂರರಷ್ಟು ಮುಸ್ಲಿಮರ ಸಮಾಜ, ಮದ್ಯಕ್ಕೆ ನಿಷೇಧ. ಮದ್ಯ, ಬಿಕಿನಿ ಎಲ್ಲವೂ ರೆಸಾರ್ಟಿನ ಅಂಚಿಗೇ ನಿಲ್ಲಲಿ, ಹಣ ಮಾತ್ರ ಒಳಗೆ ಬರಲಿ ಎಂಬ ಎಣಿಕೆ. ಪರಿಸರದ ದೃಷ್ಟಿಯಿಂದ, ಸಮಾಜದ ನೆಮ್ಮದಿಯ ದೃಷ್ಟಿಯಿಂದ ಇದು ಜಾಣ ಏರ್ಪಾಡೇ ಆಗಿತ್ತು. ಕೋವಿಡ್ ಕಾಲದಲ್ಲಿ ಇದೇ ಕೈಹಿಡಿಯಿತು: 2020ರ ಮಾರ್ಚ್ 27ರಂದು ಮುಚ್ಚಿದ ಗಡಿಯನ್ನು ಜುಲೈ 15ಕ್ಕೇ ತೆರೆಯಲು ಸಾಧ್ಯವಾದದ್ದು ಪ್ರತಿ ರೆಸಾರ್ಟೂ ತಾನಾಗಿಯೇ ಒಂದು ಕ್ವಾರಂಟೈನ್ ದ್ವೀಪವಾಗಿದ್ದರಿಂದ.

ಆದರೆ ಹಣ ಒಳಗೆ ಬರಲಿಲ್ಲ. ದಶಕಗಳ ಕಾಲ ಊರಿನ ಹೆಂಗಸೊಬ್ಬಳು ಪ್ರವಾಸಿಗೆ ಒಂದು ಲೋಟ ಚಹಾ ಮಾರುವ ಅವಕಾಶವೇ ವಿರಳವಾಗಿತ್ತು. ಗಂಡಸರು ರೆಸಾರ್ಟಿಗೆ ಕೆಲಸಕ್ಕೆ ಹೋಗಿ ತಿಂಗಳುಗಟ್ಟಲೆ ಅಲ್ಲೇ ಉಳಿಯುತ್ತಿದ್ದರು. ಹೆಣ್ಣುಮಕ್ಕಳನ್ನು ಅಷ್ಟು ದೂರ, ಅಂಥ ಜಾಗಕ್ಕೆ ಕಳಿಸಲು ಮನೆಯವರು ಒಪ್ಪುತ್ತಿರಲಿಲ್ಲ. ದೇಶದ ಅತಿ ದೊಡ್ಡ ಉದ್ಯಮದಲ್ಲಿ ದೇಶದ ಹೆಣ್ಣುಮಕ್ಕಳು ಇಂದಿಗೂ ವಿರಳ. ಸ್ಥಳೀಯರಿಗೆ ಇಂತಿಷ್ಟು ಪಾಲು ಕೆಲಸ ಎಂಬ ನಿಯಮ ಇದ್ದರೂ ಅಡುಗೆಮನೆ, ತೋಟ, ಕಟ್ಟಡದ ಕೆಲಸಕ್ಕೆ ಹೊರಗಿನವರು ಅಗ್ಗಕ್ಕೆ ಸಿಗುತ್ತಾರೆ. ಸರ್ಕಾರದ ನೌಕರಿ, ಆಸ್ಪತ್ರೆ, ಕಾಲೇಜು ಎಂದು ಜನ ಮಾಲೆಗೆ ಬಂದು ತುಂಬಿಕೊಂಡರು. ಇಂದು ಪ್ರತಿ ಹತ್ತರಲ್ಲಿ ನಾಲ್ವರು ಇರುವುದು ಮಾಲೆ ಮತ್ತು ಅದಕ್ಕೆ ಅಂಟಿಕೊಂಡ, ಸಮುದ್ರ ತುಂಬಿಸಿ ಮಾಡಿದ ಹುಲುಮಾಲೆಯಂಥ ನೆಲದಲ್ಲಿ.

2009ರಲ್ಲಿ, ಮೊಹಮದ್ ನಶೀದ್ ಅಧ್ಯಕ್ಷರಾಗಿದ್ದಾಗ, ಈ ಗೋಡೆಗೆ ಬಾಗಿಲು ಕೊರೆಯಲಾಯಿತು. ಜನವಸತಿ ದ್ವೀಪಗಳಲ್ಲೂ ಅತಿಥಿಗೃಹ ನಡೆಸಬಹುದು ಎಂದಾಯಿತು. ಮಾಫುಶಿಯ ಕತೆ ಇಲ್ಲಿ ಹೇಳಲೇಬೇಕು. ಮಾಲೆಯಿಂದ ಸುಮಾರು 27 ಕಿಲೋಮೀಟರ್ ದೂರದ ಈ ದ್ವೀಪ ಅಲ್ಲಿಯವರೆಗೆ ಹೆಸರಾಗಿದ್ದದ್ದು ದೇಶದ ಜೈಲಿಗೆ. 2004ರ ಸುನಾಮಿಯಲ್ಲಿ ಬಹಳ ಮನೆಗಳು ಹೋಗಿದ್ದವು. ಮೊದಲು ಒಂದಿಬ್ಬರು ಧೈರ್ಯ ಮಾಡಿ ಕೆಲವು ಕೊಠಡಿ ಕಟ್ಟಿದರು. ಈಗ ಅಲ್ಲಿ ಡಜನ್‌ಗಟ್ಟಲೆ ಅತಿಥಿಗೃಹಗಳಿವೆ. ತೀರದ ಒಂದು ತುಂಡನ್ನು ಬೇಲಿ ಹಾಕಿ ‘ಬಿಕಿನಿ ಬೀಚ್’ ಮಾಡಿದ್ದಾರೆ. ಊರಿನ ಮಸೀದಿಯ ಮರ್ಯಾದೆಗೂ ಪ್ರವಾಸಿಯ ಬಿಸಿಲ ಸ್ನಾನಕ್ಕೂ ಅಡ್ಡಿಯಿಲ್ಲ. ಧೋಣಿ ಬಾಡಿಗೆ, ಮೀನು ಹಿಡಿಸುವ ಸಂಜೆಯ ಪಯಣ, ಬಟ್ಟೆ ಒಗೆಯುವುದು, ಬೆಳಗಿನ ಉಪಾಹಾರಕ್ಕೆ ಟ್ಯೂನಾ, ತೆಂಗಿನ ತುರಿ, ಈರುಳ್ಳಿ ಕಲಸಿದ ‘ಮಸ್ ಹುಣಿ’ ಮತ್ತು ರೋಶಿ ಎಂಬ ರೊಟ್ಟಿ. ಇವೆಲ್ಲದರ ಹಣ ಊರೊಳಗೇ ಸುತ್ತುತ್ತದೆ.

ಅರಿ ಹವಳವಲಯದ ಉತ್ತರಕ್ಕಿರುವ ತೊಡ್ಡೂ ನನಗೆ ಇನ್ನೂ ಇಷ್ಟ. ಅದು ಕಲ್ಲಂಗಡಿ, ಪಪ್ಪಾಯಿ ಬೆಳೆಯುವ ದ್ವೀಪ. ಮಾಲ್ಡೀವ್ಸ್‌ನಲ್ಲಿ ಇದೇ ಒಂದು ಆಶ್ಚರ್ಯ. ಅತಿಥಿಗೃಹಗಳು ಬಂದ ಮೇಲೆ ಪ್ರವಾಸಿ ತೋಟದ ನಡುವೆ ಸೈಕಲ್ ಹೊಡೆದು, ಅಲ್ಲೇ ಕಿತ್ತ ಹಣ್ಣು ತಿನ್ನುತ್ತಾನೆ. ಬೇಸಾಯ ಮತ್ತು ಪ್ರವಾಸ ಒಂದಕ್ಕೊಂದು ಊರುಗೋಲಾದ ಜಾಗ ಅದು. ಇಂದು ದೇಶದಲ್ಲಿ ಸುಮಾರು 170 ರೆಸಾರ್ಟುಗಳ ಜೊತೆ 800ಕ್ಕೂ ಹೆಚ್ಚು ಅತಿಥಿಗೃಹಗಳಿವೆ. ಹಾಸಿಗೆಗಳ ಲೆಕ್ಕದಲ್ಲಿ ರೆಸಾರ್ಟುಗಳದ್ದೇ ಮೇಲುಗೈ. ಆದರೆ ಡಾಲರ್ ಎಷ್ಟು ಕೈಗಳನ್ನು ಮುಟ್ಟುತ್ತದೆ ಎಂದು ಕೇಳಿದರೆ, ಮಾಲ್ಡೀವ್ಸ್ ಐವತ್ತು ವರ್ಷದಲ್ಲಿ ತೆಗೆದುಕೊಂಡ ಅತ್ಯುತ್ತಮ ಆರ್ಥಿಕ ನಿರ್ಧಾರ 2009ರದ್ದೇ.

ಬದುಕಿರುವ ಶಾರ್ಕಿನ ಬೆಲೆ

ಸಮುದ್ರದ ವಿಚಾರದಲ್ಲಿ ಪ್ರವಾಸೋದ್ಯಮ ಒಳ್ಳೆಯದನ್ನೂ ಮಾಡಿದೆ. 1990ರ ದಶಕದ ಆರಂಭದಲ್ಲಿ ಅಲ್ಲಿ ನಡೆದ ಒಂದು ಅಧ್ಯಯನ ಹೀಗೆ ಲೆಕ್ಕ ಹಾಕಿತು: ಹಿಡಿದು ಕೊಂದ ಬೂದು ರೀಫ್ ಶಾರ್ಕ್ ಒಂದರಿಂದ ಮೀನುಗಾರನಿಗೆ ಸಿಗುವುದು 32 ಡಾಲರ್, ಒಂದೇ ಸಲ. ಅದೇ ಶಾರ್ಕ್ ಬದುಕಿ ಮುಳುಗುಗಾರರ ಕಣ್ಣಿಗೆ ಬೀಳುತ್ತಿದ್ದರೆ ಅದರಿಂದ ವರ್ಷಕ್ಕೆ ಸರಾಸರಿ 3,300 ಡಾಲರ್ ಆದಾಯ. 2010ರಲ್ಲಿ ಮಾಲ್ಡೀವ್ಸ್ ತನ್ನ ಇಡೀ ಸಮುದ್ರದಲ್ಲಿ ಶಾರ್ಕ್ ಬೇಟೆಯನ್ನು ನಿಷೇಧಿಸಿತು. ದಕ್ಷಿಣದ ಒಂಟಿ ದ್ವೀಪ ಫುವಾಮುಲಕ್ಕೆ ಇಂದು ಹುಲಿ ಶಾರ್ಕ್ ನೋಡಲೆಂದೇ ಜನ ಬರುತ್ತಾರೆ. ಬಾ ಹವಳವಲಯದ ಹನಿಫರು ಕೊಲ್ಲಿಯಲ್ಲಿ ಮಾಂಟಾ ತೊರಕೆ ಮೀನುಗಳು ಗುಂಪುಗೂಡುತ್ತವೆ. ಆ ಇಡೀ ವಲಯ 2011ರಿಂದ ಯುನೆಸ್ಕೊ ಜೀವಗೋಳ ತಾಣ. ಬದುಕಿರುವ ಪ್ರಾಣಿಗೆ ಬೆಲೆ ಬಂದಾಗ ಮೀನುಗಾರನೇ ಅದರ ಕಾವಲುಗಾರನಾಗುತ್ತಾನೆ. ನೇತ್ರಾಣಿ ದ್ವೀಪದ ಸುತ್ತ ಮುಳುಗು ಪ್ರವಾಸ ಬೆಳೆಸಲು ಹೊರಟಿರುವ ನಮ್ಮ ಕರಾವಳಿಗೂ ಈ ಲೆಕ್ಕ ಸಲ್ಲುತ್ತದೆ.

ಆದರೆ ಆ ಹವಳವೇ ಸಾಯುತ್ತಿದೆ. 1998ರಲ್ಲಿ ಸಮುದ್ರ ಕಾದಾಗ ಮಾಲ್ಡೀವ್ಸ್‌ನ ಹವಳ ಬಿಳಿಚಿ ಬಹುಪಾಲು ಸತ್ತಿತು. ಚೇತರಿಸುತ್ತಿದ್ದಂತೆ 2016ರಲ್ಲಿ ಮತ್ತೆ ಬಿಳಿಚಿತು, ಸಮೀಕ್ಷೆ ಮಾಡಿದಲ್ಲಿ ಶೇ 60ಕ್ಕೂ ಹೆಚ್ಚು. ದೇಶದ ಶೇ 80ರಷ್ಟು ನೆಲ ಸಮುದ್ರಮಟ್ಟದಿಂದ ಒಂದು ಮೀಟರ್ ಎತ್ತರವೂ ಇಲ್ಲ. ಅಲೆಯ ಹೊಡೆತ ತಡೆಯುವುದು ಹವಳ, ಮರಳು ಕೊಡುವುದೂ ಹವಳವೇ. ಪ್ರವಾಸಿಯನ್ನು ಹೊತ್ತು ತರುವ ವಿಮಾನದ ಹೊಗೆಯೂ ಸಮುದ್ರ ಕಾಯಿಸುವುದರಲ್ಲಿ ಪಾಲುದಾರ ಎಂಬುದನ್ನು ಮರೆಯುವಂತಿಲ್ಲ. ಮಾಲೆ ಮತ್ತು ರೆಸಾರ್ಟುಗಳ ಕಸಕ್ಕೆಂದು 1990ರ ದಶಕದ ಆರಂಭದಲ್ಲಿ ಹವಳಕೊಳವೊಂದನ್ನು ತುಂಬತೊಡಗಿದರು. ಅದು ತಿಲಫುಶಿ ಎಂಬ ಕಸದ ದ್ವೀಪವಾಯಿತು. ಅಲ್ಲಿ ಬಯಲಲ್ಲಿ ಸುಡುವುದು ನಿಂತದ್ದು 2021ರಲ್ಲಿ. ಜಾಹೀರಾತಿನ ಯಾವ ಚಿತ್ರದಲ್ಲೂ ಆ ಹೊಗೆ ಕಾಣಲಿಲ್ಲ.

ಒಂದೇ ಕಾಲಿನ ಮೇಲೆ

ಒಂದು ಸರಕು, ಒಬ್ಬ ಗಿರಾಕಿ ಎಂಬ ಹಳೆಯ ದುರ್ಬಲತೆ ಬೇರೆ ರೂಪದಲ್ಲಿ ಉಳಿದೇ ಇದೆ. ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಮಾಲ್ಡೀವ್ಸನ್ನು ತೆಗೆಯಲು ವಿಶ್ವಸಂಸ್ಥೆ ನಿರ್ಧರಿಸಿದ್ದು 2004ರ ಡಿಸೆಂಬರ್ 20. ಆರು ದಿನಕ್ಕೆ ಸುನಾಮಿ ಬಂತು. ನೂರಕ್ಕೂ ಹೆಚ್ಚು ಮಂದಿ ಸತ್ತರು ಅಥವಾ ಕಾಣೆಯಾದರು, ದೇಶದ ವರ್ಷದ ಉತ್ಪನ್ನದ ಶೇ 62ರಷ್ಟು ಆಸ್ತಿ ನಷ್ಟವಾಯಿತು. ಪಟ್ಟಿಯಿಂದ ಹೊರಬರುವುದು ವರ್ಷಗಳಷ್ಟು ಮುಂದಕ್ಕೆ ಹೋಯಿತು. 2019ರಲ್ಲಿ 17 ಲಕ್ಷ ಇದ್ದ ಪ್ರವಾಸಿಗರು 2020ರಲ್ಲಿ 5.55 ಲಕ್ಷಕ್ಕೆ ಇಳಿದಾಗ ದೇಶದ ಆರ್ಥಿಕತೆ ಒಂದೇ ವರ್ಷದಲ್ಲಿ ಸುಮಾರು ಮೂರನೇ ಒಂದು ಭಾಗ ಕುಸಿಯಿತು. ಜಗತ್ತಿನಲ್ಲಿ ಆ ವರ್ಷ ಅಷ್ಟು ಬಿದ್ದ ದೇಶಗಳು ಬೆರಳೆಣಿಕೆ.

ಗಿರಾಕಿಯ ಮುನಿಸೂ ಇದೆ. 2021ರಿಂದ 2023ರವರೆಗೆ ಮಾಲ್ಡೀವ್ಸ್‌ಗೆ ಅತಿ ಹೆಚ್ಚು ಪ್ರವಾಸಿಗರನ್ನು ಕಳಿಸಿದ್ದು ಭಾರತ. 2024ರ ಜನವರಿಯಲ್ಲಿ ಪ್ರಧಾನಿ ಮೋದಿ ಅವರ ಲಕ್ಷದ್ವೀಪ ಭೇಟಿಯ ಬಗ್ಗೆ ಅಲ್ಲಿನ ಕೆಲವು ಉಪಸಚಿವರು ಹಗುರವಾಗಿ ಮಾತಾಡಿದರು, ಇಲ್ಲಿ ಬಹಿಷ್ಕಾರದ ಕೂಗೆದ್ದಿತು. 2023ರಲ್ಲಿ 2.09 ಲಕ್ಷ ಇದ್ದ ಭಾರತೀಯ ಪ್ರವಾಸಿಗರು 2024ರಲ್ಲಿ 1.31 ಲಕ್ಷಕ್ಕೆ ಇಳಿದರು. ಚೀನೀಯರು ಆ ಜಾಗ ತುಂಬಿದರು. ಪೆಸಿಫಿಕ್‌ನ ಪಲಾವ್ ದೇಶ ಇದರ ತಿರುಗುಮುರುಗನ್ನು ಕಂಡಿದೆ: ತೈವಾನ್ ಜೊತೆಗಿನ ಅದರ ರಾಜತಾಂತ್ರಿಕ ಸಂಬಂಧಕ್ಕೆ ಮುನಿದ ಚೀನಾ 2017ರಲ್ಲಿ ಪ್ರವಾಸಿ ತಂಡಗಳನ್ನು ತಡೆದಾಗ ಅಲ್ಲಿನ ಹೋಟೆಲುಗಳು ಬಣಗುಟ್ಟಿದವು. ಪ್ರವಾಸಿಯೇ ಆಧಾರವಾದ ಸಣ್ಣ ದೇಶದ ವಿದೇಶಾಂಗ ನೀತಿಯನ್ನು ಅರ್ಧಕ್ಕರ್ಧ ಬೇರೆಯವರ ವಿಮಾನ ವೇಳಾಪಟ್ಟಿ ಬರೆಯುತ್ತದೆ.

ಇದಕ್ಕೆ ಬೇರೆ ದಾರಿ ಇಲ್ಲವೆ? ಮಾರಿಷಸ್ ಕಬ್ಬಿನ ಜೊತೆಗೆ 1970ರಿಂದಲೇ ರಫ್ತು ವಲಯ ತೆರೆದು ಬಟ್ಟೆ ಹೊಲಿಯಿತು, ಆಮೇಲೆ ಹಣಕಾಸು ಮತ್ತು ಐಟಿ ಬೆಳೆಸಿತು. ಅಲ್ಲಿ ಪ್ರವಾಸೋದ್ಯಮ ಹಲವು ಕಾಲುಗಳಲ್ಲಿ ಒಂದು. ಸೇಶೆಲ್ಸ್ 2008ರಲ್ಲಿ ಸಾಲ ತೀರಿಸಲಾಗದೆ ಕೈಯೆತ್ತಿ, ಕಷ್ಟಪಟ್ಟು ಎದ್ದಿತು. ರಾಜಧಾನಿ ವಿಕ್ಟೋರಿಯಾದಲ್ಲಿ ಟ್ಯೂನಾ ಡಬ್ಬಿಯ ಕಾರ್ಖಾನೆ ಇದೆ. 2018ರಲ್ಲಿ ಸಮುದ್ರ ಸಂರಕ್ಷಣೆಗೆಂದು 1.5 ಕೋಟಿ ಡಾಲರಿನ ‘ನೀಲಿ ಬಾಂಡ್’ ಹೊರಡಿಸಿದ ಮೊದಲ ದೇಶವೂ ಅದೇ. ಗಳ ಮತ್ತು ಗಾಳದಿಂದ ಹಿಡಿದ ಮಾಲ್ಡೀವ್ಸ್ ಟ್ಯೂನಾಕ್ಕೆ ಯುರೋಪಿನಲ್ಲಿ ಒಳ್ಳೆಯ ಹೆಸರಿದೆ. ಇಷ್ಟು ಒಳ್ಳೆಯ ಮೀನನ್ನು ಕೈಯಲ್ಲಿಟ್ಟುಕೊಂಡು ಅದನ್ನು ಎರಡನೆಯ ಕಾಲಾಗಿ ಬೆಳೆಸದೆ ಹೋದದ್ದು ಆ ದೇಶದ ದೊಡ್ಡ ಲೋಪ.

ಅಮಿನಿ ದ್ವೀಪಗಳು ನಮ್ಮವಾಗಿದ್ದ ಕಾಲ

ಈ ಮಾತುಗಳನ್ನೆಲ್ಲ ಕನ್ನಡಿಗರು ಗಮನವಿಟ್ಟು ಕೇಳಲು ಒಂದು ಕಾರಣವಿದೆ. ಲಕ್ಷದ್ವೀಪದ ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರ ಅಕ್ಟೋಬರ್ ಮುಗಿಯುವವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ಅಲ್ಲಿನ ತೆಂಗಿನ ನಾರು, ಕೊಬ್ಬರಿ ಮಂಗಳೂರಿನ ಬಂದರಿಗೆ ಬಂದು ಅಕ್ಕಿಯಾಗಿ ಹಿಂದಿರುಗುತ್ತಿತ್ತು. ಲಕ್ಷದ್ವೀಪದ ದಕ್ಷಿಣದ ತುದಿ ಮಿನಿಕಾಯ್‌ನಲ್ಲಿ ಇಂದಿಗೂ ಮಾತಾಡುವುದು ಮಾಲ್ಡೀವ್ಸ್‌ನ ದಿವೇಹಿ ಭಾಷೆಯದೇ ಒಂದು ರೂಪ.

2024ರ ಆ ಬಹಿಷ್ಕಾರದ ಗಲಾಟೆಯ ನಂತರ ಲಕ್ಷದ್ವೀಪವನ್ನೇ ನಮ್ಮ ಮಾಲ್ಡೀವ್ಸ್ ಮಾಡೋಣ ಎಂಬ ಉತ್ಸಾಹ ಎಲ್ಲೆಡೆ ಹಬ್ಬಿತು. ಸುಹೇಲಿ, ಕಡ್ಮತ್‌ಗಳಲ್ಲಿ ದೊಡ್ಡ ರೆಸಾರ್ಟುಗಳ ಯೋಜನೆ ಅದಕ್ಕೂ ಮೊದಲೇ ಪ್ರಕಟವಾಗಿತ್ತು. ಉತ್ಸಾಹ ಒಳ್ಳೆಯದೇ. ಆದರೆ ಲಕ್ಷದ್ವೀಪದ ಒಟ್ಟು ನೆಲ 32 ಚದರ ಕಿಲೋಮೀಟರ್, ಮಾಲ್ಡೀವ್ಸ್‌ನ ಹತ್ತನೇ ಒಂದು ಭಾಗ. ಜನವಸತಿ ಇರುವುದು ಹತ್ತು ದ್ವೀಪಗಳಲ್ಲಿ. ಮಾಲ್ಡೀವ್ಸ್ ಬಳಿ ಇರುವಷ್ಟು ನಿರ್ಜನ ದ್ವೀಪಗಳ ಸಾಲು ಅಲ್ಲಿಲ್ಲ. 2021ರಲ್ಲಿ ನೆಲಕ್ಕೆ ಸಂಬಂಧಿಸಿದ ಕರಡು ನಿಯಮಾವಳಿ ಬಂದಾಗ ಅಲ್ಲಿನ ಜನ ಪ್ರತಿಭಟನೆಗಿಳಿದರು. ತಮ್ಮ ನೆಲ ಕೈತಪ್ಪುವ ಭಯ ಅವರದು. ಆ ಭಯವನ್ನು ಅಭಿವೃದ್ಧಿಯ ವಿರೋಧ ಎಂದು ತಳ್ಳಿಹಾಕಿದ್ದು ನ್ಯಾಯವಲ್ಲ.

ಮಾಲ್ಡೀವ್ಸ್ ಐವತ್ತು ವರ್ಷ ಖರ್ಚು ಮಾಡಿ ಕಲಿತದ್ದು ನಮಗೆ ಈಗ ಬಿಟ್ಟಿಯಾಗಿ ಸಿಗುತ್ತಿದೆ. ಲಕ್ಷದ್ವೀಪದಲ್ಲಿ ಮೊದಲು ಬೆಳೆಯಬೇಕಾದದ್ದು ಅಲ್ಲಿನ ಕುಟುಂಬಗಳು ನಡೆಸುವ ಅತಿಥಿಗೃಹಗಳು. ರೆಸಾರ್ಟು ಬರುವುದಾದರೆ ಅದರ ಗುತ್ತಿಗೆ ಹಣದಲ್ಲಿ ದ್ವೀಪದ ಪಂಚಾಯಿತಿಗೆ ಪಾಲು, ಅಲ್ಲಿನ ಹುಡುಗ ಹುಡುಗಿಯರಿಗೆ ತರಬೇತಿ, ಅಲ್ಲಿನ ಟ್ಯೂನಾಕ್ಕೆ ಅಡುಗೆಮನೆಯಲ್ಲಿ ಜಾಗ ಇವೆಲ್ಲ ಒಪ್ಪಂದದಲ್ಲೇ ಬರೆದಿರಬೇಕು. ಓದುಗರೇ, ಮುಂದಿನ ರಜೆಗೆ ನೀವು ಮಾಲ್ಡೀವ್ಸ್‌ಗೇ ಹೊರಟಿದ್ದರೆ, ರೆಸಾರ್ಟಿನ ಜೊತೆಗೆ ಎರಡು ರಾತ್ರಿಯಾದರೂ ಜನರಿರುವ ದ್ವೀಪವೊಂದರಲ್ಲಿ ಉಳಿಯಿರಿ. ಕೊಠಡಿಯನ್ನು ಅತಿಥಿಗೃಹದವರಿಂದ ನೇರವಾಗಿ ಕಾದಿರಿಸಿ, ಧೋಣಿಯನ್ನು ಊರಿನವರಿಂದ ಬಾಡಿಗೆಗೆ ಹಿಡಿಯಿರಿ, ಊಟ ಅಲ್ಲಿನ ಹೋಟೆಲಿನಲ್ಲಿ ಮಾಡಿ. ನಿಮ್ಮ ಖರ್ಚು ಹೆಚ್ಚುವುದಿಲ್ಲ, ಬಹುಶಃ ಕಡಿಮೆಯೇ ಆದೀತು. ಹೆಚ್ಚು ಪಾಲು ಆ ದ್ವೀಪದಲ್ಲೇ ಉಳಿಯುತ್ತದೆ.